ಬೆಳಗ್ಗೆ 6ರ ಬ್ಯಾಚ್‌ನಲ್ಲಿ ಮಕ್ಕಳ ತಂಡಕ್ಕೆ ಆರು ಲೇನ್, ದೊಡ್ಡವರಿಗೆ ಎರಡು. ನಿಮ್ಮ ಪೂಲ್‌ನಲ್ಲಿ ಹೇಗೆ?

ಮುಂಜಾನೆ_ಈಜು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಾನು ಹೋಗುವ ಪೂಲ್ 50 ಮೀಟರಿನದು, ಎಂಟು ಲೇನ್. ಬೆಳಗ್ಗೆ 6ರಿಂದ 7 ದೊಡ್ಡವರ ಬ್ಯಾಚ್, ಮೊದಲಿಂದಲೂ ಹಾಗೇ. ಈ ವರ್ಷ ಮಕ್ಕಳ ತಂಡ ದೊಡ್ಡದಾಗಿದೆ. ಕೋಚ್ 5.30ಕ್ಕೆ ಶುರು ಮಾಡಿ 7.30ರ ತನಕ ಆರು ಲೇನ್ ತೆಗೆದುಕೊಳ್ಳುತ್ತಾರೆ, ಉಳಿದ ಎರಡರಲ್ಲಿ ನಾವೆಲ್ಲ. ನಾವು ಅಂದರೆ ಒಂದೇ ಥರದವರಲ್ಲ. ಟ್ರಯಥ್ಲಾನ್‌ಗೆ ತಯಾರಿ ಮಾಡುವ ಹುಡುಗ ಇದ್ದಾನೆ, ಮಂಡಿ ನೋವಿಗೆ ಈಜಿ ಅಂತ ಡಾಕ್ಟರ್ ಹೇಳಿ ಕಳಿಸಿದ ಆಂಟಿ ಇದ್ದಾರೆ, ಈಗಷ್ಟೇ ನೀರೊಳಗೆ ಉಸಿರು ಬಿಡೋದು ಕಲಿತವರೂ ಇದ್ದಾರೆ. ಒಬ್ಬರ ಕಾಲು ಇನ್ನೊಬ್ಬರ ತಲೆಗೆ.

ಇದನ್ನೂ ಹೇಗೋ ಸಹಿಸಬಹುದು. ಆದರೆ ಕೆಲವು ದಿನ ಮಕ್ಕಳಿಗೆ ಡೈವ್ ಅಭ್ಯಾಸ ಅಂತ ಏಳನೇ ಲೇನೂ ಹೋಗುತ್ತದೆ, ಯಾರಿಗೂ ಮೊದಲೇ ಹೇಳಿರುವುದಿಲ್ಲ. ಲೈಫ್‌ಗಾರ್ಡ್ ಕೇಳಿದರೆ ಕೋಚ್‌ನ ಕೇಳಿ ಅಂತಾರೆ, ಕೋಚ್ ಆಫೀಸಿನಲ್ಲಿ ಕೇಳಿ ಅಂತಾರೆ, ಆಫೀಸ್ ತೆರೆಯೋದು 10 ಗಂಟೆಗೆ. ಅಷ್ಟೊತ್ತಿಗೆ ನಾವು ನಮ್ಮ ನಮ್ಮ ಕೆಲಸದಲ್ಲಿ. ನಾವೂ ವರ್ಷದ ಫೀಸ್ ಮುಂಗಡ ಕಟ್ಟಿದವರೇ.

ಮಕ್ಕಳ ಮೇಲೆ ನನಗೆ ಕೋಪ ಇಲ್ಲ, ಅವರು ಈಜೋದನ್ನ ನೋಡೋಕೇ ಖುಷಿ. ತಂಡದ ಕೊನೆಯ ಲೇನ್‌ನಲ್ಲಿ ಜನ ಕಡಿಮೆ, ಅಲ್ಲಿ ನನ್ನನ್ನೂ ಬಿಡಿ ಅಂತ ಕೇಳಿದೆ, ಕೋಚ್ ಒಪ್ಪಲಿಲ್ಲ. ನಾನು 100 ಮೀಟರ್ ಫ್ರೀಸ್ಟೈಲ್ ಸುಮಾರು 2 ನಿಮಿಷಕ್ಕೆ ಮುಗಿಸುತ್ತೇನೆ. ಕೇಳಿದ್ದು ಅಷ್ಟು ದೊಡ್ಡ ವಿಷಯವಾ? ಬೇರೆ ಕಡೆ ಹೇಗೆ ಹಂಚಿಕೊಳ್ಳುತ್ತಾರೆ?

ಡೆಕ್_ಮೇಲಿನ_ಕೋಚ್:

ಸರ್, ನಾನು ಬೇರೆ ಊರಿನಲ್ಲಿ ಮಕ್ಕಳ ತಂಡ ನೋಡಿಕೊಳ್ಳುತ್ತೇನೆ. ಲೇನ್ ಒಳಗೆ ಬಿಡಲಿಲ್ಲ ಅನ್ನೋದರಲ್ಲಿ ನಿಮ್ಮ ಕೋಚ್ ಮಾಡಿದ್ದು ಸರಿ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಮಕ್ಕಳು ಗೋಡೆ ಮೇಲಿನ ಪೇಸ್ ಕ್ಲಾಕ್ (ಸೆಕೆಂಡ್ ತೋರಿಸುವ ದೊಡ್ಡ ಗಡಿಯಾರ) ನೋಡಿಕೊಂಡು 5 ಸೆಕೆಂಡ್‌ಗೊಬ್ಬರಂತೆ ಹೊರಡುತ್ತಾರೆ. ಹತ್ತು ಸಲ 100 ಮೀಟರ್ ಸೆಟ್ ಅಂದುಕೊಳ್ಳಿ, ಒಂದೂವರೆ ನಿಮಿಷಕ್ಕೊಂದು. 100 ಮೀಟರನ್ನ 1 ನಿಮಿಷ 15 ಸೆಕೆಂಡ್‌ನಲ್ಲಿ ಮುಗಿಸುವ ಮಗು ಆ ಕಡೆ ಗೋಡೆ ಮುಟ್ಟೋಕೆ 37 ಸೆಕೆಂಡ್ ಸಾಕು. ಒಂದು ಲೇನ್‌ನಲ್ಲಿ ಎಂಟು ಮಕ್ಕಳಿದ್ದರೆ, ಕೊನೆಯವನು ಗೋಡೆ ಬಿಡುವಾಗ ಮೊದಲನೆಯವನು ಆಚೆ ತುದಿಯಲ್ಲಿ ತಿರುಗೋಕೆ ಬಂದಿರುತ್ತಾನೆ. ಅಂದರೆ ಇಡೀ ಲೇನ್ ತುಂಬಿ ಓಡುತ್ತಿರುತ್ತದೆ. ನೀವು ಒಂದು ಉದ್ದಕ್ಕೆ 1 ನಿಮಿಷ ತೆಗೆದುಕೊಳ್ಳುತ್ತೀರಿ. ನಿಮ್ಮ ಹಿಂದೆ 20 ಸೆಕೆಂಡ್ ಬಿಟ್ಟು ಹೊರಟ ಮಗು ಕೂಡ, ನಿಮಗೆ ಗೋಡೆ ಸಿಗುವ ಮೊದಲೇ ನಿಮ್ಮ ಕಾಲ ಹತ್ತಿರ ಬಂದಿರುತ್ತದೆ. ದಾಟಬೇಕು ಅಂದರೆ ಎದುರಿನಿಂದ ಬರುವವರ ಸಾಲಿಗೆ ನುಗ್ಗಬೇಕು. ಒಲಿಂಪಿಕ್ ಅಳತೆಯ ಪೂಲ್‌ನಲ್ಲೇ ಲೇನ್ ಅಗಲ ಎರಡೂವರೆ ಮೀಟರ್, ನಮ್ಮ ಎಷ್ಟೋ ಪೂಲ್‌ಗಳಲ್ಲಿ ಅಷ್ಟೂ ಇಲ್ಲ. ಕೈಗೆ ಪ್ಯಾಡಲ್ ಹಾಕಿಕೊಂಡಿದ್ದರಂತೂ ಗಟ್ಟಿ ಪ್ಲಾಸ್ಟಿಕ್ ನೇರ ಮುಖಕ್ಕೆ ಅಥವಾ ಬೆರಳಿಗೆ. ಬ್ಯಾಕ್‌ಸ್ಟ್ರೋಕ್, ಅಂದರೆ ಬೆನ್ನ ಮೇಲೆ ಮಲಗಿ ಈಜುವ ಮಗುವಿಗೆ ನೀವು ಕಾಣಿಸೋದೇ ಇಲ್ಲ. ಕೊನೆಯ ಲೇನ್‌ನಲ್ಲಿ ಜನ ಕಡಿಮೆ ಇರೋದು ಅಲ್ಲಿ ಸ್ಪ್ರಿಂಟ್ (ಪೂರ್ತಿ ವೇಗದ ಈಜು) ಮಾಡಿಸುತ್ತಿರೋದಕ್ಕೆ ಇರಬಹುದು.

ಆದರೆ ಹೇಳದೆ ಏಳನೇ ಲೇನ್ ತೆಗೆದುಕೊಂಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಡೈವ್ ಅಭ್ಯಾಸ ಯಾವ ದಿನ ಅಂತ ಕೋಚ್‌ಗೆ ವಾರದ ಮೊದಲೇ ಗೊತ್ತಿರುತ್ತದೆ.

ಇನ್ನೊಂದು. ನಿಮ್ಮ ಎರಡು ಲೇನ್ ಪಕ್ಕಪಕ್ಕದಲ್ಲೇ ಇರಲಿ, ಒಂದು ಗೋಡೆ ಪಕ್ಕದ್ದಾಗಿರಲಿ. ಕಲಿಯುವವರು, ನಿಧಾನದವರು ಗೋಡೆ ಕಡೆಗೆ, ಸುಸ್ತಾದರೆ ಹಿಡಿದುಕೊಳ್ಳೋಕೆ ಆಗುತ್ತದೆ. ಲ್ಯಾಪ್ ಹಾಕುವವರು ಇನ್ನೊಂದರಲ್ಲಿ. ಎರಡೇ ಜನ ಇದ್ದರೂ ಹೋಗುವಾಗಲೂ ಬರುವಾಗಲೂ ನಿಮ್ಮ ನಿಮ್ಮ ಬಲಗಡೆಯಲ್ಲೇ ಈಜಿ. ನಿಲ್ಲಬೇಕು ಅಂದರೆ ಮೂಲೆಯಲ್ಲಿ ನಿಲ್ಲಿ, ಗೋಡೆಯ ನಡುಭಾಗ ತಿರುಗುವವರಿಗೆ ಬಿಡಿ. ಮುಂದೆ ಹೋಗಬೇಕಾದರೆ ಮುಂದಿನವರ ಪಾದ ಒಂದು ಸಲ ಮೆಲ್ಲಗೆ ಮುಟ್ಟಿ, ಅವರು ಗೋಡೆ ಹತ್ತಿರ ದಾರಿ ಬಿಡಲಿ. ಇಷ್ಟು ಮಾಡಿದರೆ ಒಂದು ಲೇನ್‌ನಲ್ಲಿ ಐದಾರು ಜನ ಆರಾಮಾಗಿ ಈಜಬಹುದು.

ಈಜು_ಮಗುವಿನ_ಅಪ್ಪ:

ನನ್ನ ಮಗಳು ಇಂಥದ್ದೇ ಒಂದು ತಂಡದಲ್ಲಿದ್ದಾಳೆ. ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸುತ್ತೇವೆ. ಸ್ಕೂಲ್ ವ್ಯಾನ್ ಹತ್ತಬೇಕು, ಹಾಗಾಗಿ ಬೆಳಗಿನ ಹೊತ್ತು ಬದಲಾಯಿಸೋಕೆ ನಮಗೂ ದಾರಿ ಇಲ್ಲ. ಸಂಜೆ ಪೂಲ್ ತುಂಬಾ ಕಲಿಯೋ ಬ್ಯಾಚ್‌ಗಳು. ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಳು. ಆ ವಯಸ್ಸಿಗೆ ಅಲ್ಲಿಗೆ ಮುಟ್ಟಬೇಕು ಅಂದರೆ ಎಷ್ಟು ಬೆಳಗು ನೀರಿನಲ್ಲಿ ಕಳೆದಿರಬೇಕು, ಯೋಚಿಸಿ. ಸ್ಟೇಟ್ ಮೀಟ್‌ಗೆ (ರಾಜ್ಯ ಮಟ್ಟದ ಸ್ಪರ್ಧೆ) ಮುಂಚಿನ ಎರಡು ಮೂರು ವಾರ ಮಾತ್ರ ದೊಡ್ಡವರು ಸ್ವಲ್ಪ ಬಿಟ್ಟುಕೊಡಬೇಕು ಅನ್ನೋದು ನನ್ನ ವಿನಂತಿ.

ನೀರಜಾಕ್ಷಿ:

ಬಿಟ್ಟುಕೊಡೋಣ ಸರ್, ಆದರೆ ಬಿಟ್ಟುಕೊಡೋದು ಯಾವಾಗಲೂ ಒಂದೇ ಕಡೆಯಿಂದ ಆಗಬಾರದು ಅಲ್ವಾ? ನಮ್ಮ ಪೂಲ್‌ನಲ್ಲಿ ಮೊದಲು ಹೋಗಿದ್ದು ಹೆಂಗಸರ ಬ್ಯಾಚ್. 'ಬರೋರು ಕಡಿಮೆ, ತಂಡಕ್ಕೆ ಕೊಡೋಣ' ಅಂದರು. ಬರೋರು ಕಡಿಮೆ ಆಗಿದ್ದೇ ಸಮಯ ಬದಲಾಯಿಸಿ ಬದಲಾಯಿಸಿ. ಐವತ್ತು ದಾಟಿದ ಮೇಲೆ ಧೈರ್ಯ ಮಾಡಿ ಈಜು ಕಲಿಯೋಕೆ ಬಂದವರು, ಒಂದು ಸಲ ಬಿಟ್ಟರೆ ಮತ್ತೆ ಬರೋದಿಲ್ಲ.

ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ, ಅದು ಫೋನ್. ಅಪ್ಪ ಅಮ್ಮಂದಿರು ಡೆಕ್ ಮೇಲೆ ನಿಂತು ಮಗುವಿನ ಸ್ಟ್ರೋಕ್ ವಿಡಿಯೋ ಮಾಡುತ್ತಾರೆ, ಹಿಂದಿನ ಲೇನ್‌ನಲ್ಲಿ ಸ್ವಿಮ್ ಸೂಟ್ ಹಾಕಿಕೊಂಡು ಏಣಿ ಹತ್ತುತ್ತಿರೋ ನಾವೂ ಅದರಲ್ಲಿ ಬರುತ್ತೇವೆ. ಆ ವಿಡಿಯೋ ತಂಡದ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅವರ ಮನಸ್ಸಿನಲ್ಲಿ ಏನೂ ಇಲ್ಲ ಅಂತ ನನಗೂ ಗೊತ್ತು, ಆದರೂ ಮೈ ಮುದುಡುತ್ತದೆ. ನನ್ನ ಗೆಳತಿ ಇದೇ ಕಾರಣಕ್ಕೆ ಬರೋದು ನಿಲ್ಲಿಸಿದಳು. ಬಟ್ಟೆ ಬದಲಾಯಿಸೋ ರೂಮಿನದೂ ಅಷ್ಟೇ. 7 ಗಂಟೆಗೆ ಹತ್ತು ವರ್ಷದ ಮಕ್ಕಳೂ ನಾವೂ ಒಟ್ಟಿಗೆ ಒಂದೇ ಕಡೆ ನುಗ್ಗುತ್ತೇವೆ. ಮಕ್ಕಳ ಸುರಕ್ಷತೆಗೂ ಅದು ಒಳ್ಳೆಯದಲ್ಲ. ಹದಿನೈದು ನಿಮಿಷ ಹಿಂದೆ ಮುಂದೆ ಮಾಡಿದರೆ ಸಾಕು, ಒಂದು ಪೈಸೆ ಖರ್ಚಿಲ್ಲ.

ದೂರದ_ಕನ್ನಡಿಗ:

ನಾನು ಅಮೆರಿಕದಲ್ಲಿದ್ದೇನೆ, ಇಲ್ಲೂ ಇದೇ ಜಗಳ. ಆದರೆ ನಮ್ಮ ಪೂಲ್‌ನವರು ಯಾವ ಗಂಟೆಗೆ ಯಾವ ಲೇನ್ ಯಾರಿಗೆ ಅಂತ ವಾರದ ಪಟ್ಟಿ ಮೊದಲೇ ಹಾಕುತ್ತಾರೆ. ತಂಡಕ್ಕೆ ಮೀಟ್ ಇದ್ದರೆ 'ಶನಿವಾರ ಲ್ಯಾಪ್ ಈಜು ಇಲ್ಲ' ಅಂತ ಬಾಗಿಲಿಗೇ ಅಂಟಿಸಿರುತ್ತಾರೆ. ಬೇಜಾರಾಗುತ್ತದೆ, ಆದರೆ ಅವತ್ತು ಅಲಾರಂ ಇಡೋದಿಲ್ಲ, ಅಷ್ಟೇ. ಲೇನ್ ತುದಿಯಲ್ಲಿ ನಿಧಾನ, ಮಧ್ಯಮ, ವೇಗ ಅಂತ ಬೋರ್ಡ್ ಇಟ್ಟಿರುತ್ತಾರೆ.

ಇನ್ನೊಂದು ದಾರಿ: ದೊಡ್ಡವರೂ ಒಂದು ಮಾಸ್ಟರ್ಸ್ ತಂಡ ಮಾಡಿಕೊಳ್ಳಿ. ಅಂತರರಾಷ್ಟ್ರೀಯ ನಿಯಮದಲ್ಲಿ ಮಾಸ್ಟರ್ಸ್ ಈಜು 25 ವರ್ಷ ವಯಸ್ಸಿನಿಂದ ಶುರು, ಸ್ಪರ್ಧೆ ಐದೈದು ವರ್ಷದ ವಯಸ್ಸಿನ ಗುಂಪುಗಳಲ್ಲಿ. ಸ್ಪರ್ಧೆಗೆ ಹೋಗದಿದ್ದರೂ ಪರವಾಗಿಲ್ಲ. ಒಬ್ಬೊಬ್ಬರೇ ಹೋಗಿ ಕೇಳಿದರೆ ದೂರು ಅನ್ನಿಸುತ್ತದೆ, ತಂಡ ಅಂತ ಹೋಗಿ ಕೇಳಿದರೆ ಲೇನ್ ಸಿಗೋ ಸಾಧ್ಯತೆ ಜಾಸ್ತಿ.

ಮುಂಜಾನೆ_ಈಜು:

ಎಲ್ಲರಿಗೂ ಧನ್ಯವಾದ. ಕೋಚ್ ಸರ್, ಆ 20 ಸೆಕೆಂಡ್ ಲೆಕ್ಕ ಓದಿದ ಮೇಲೆ ತಂಡದ ಲೇನ್ ಕೇಳೋದನ್ನ ಬಿಟ್ಟೆ. ನಮ್ಮ ಬ್ಯಾಚ್‌ನವರ ಸಹಿ ಹಾಕಿಸಿ ಒಂದು ಅರ್ಜಿ ಬರೆಯುತ್ತಿದ್ದೇವೆ. ಎರಡು ಲೇನ್ ಖಾಯಂ, ಒಂದು ಗೋಡೆ ಪಕ್ಕದ್ದು. ವಾರದ ಪಟ್ಟಿ ಭಾನುವಾರ ಸಂಜೆಯೊಳಗೆ ಗೇಟ್ ಹತ್ತಿರ. ಮೀಟ್ ಮುಂಚಿನ ವಾರಗಳಲ್ಲಿ ಒಂದೇ ಲೇನ್ ಆದರೂ ಒಪ್ಪುತ್ತೇವೆ, ಆದರೆ ತಿಂಗಳ ಮುಂಚೆ ಹೇಳಬೇಕು, ಆ ದಿನಗಳನ್ನ ನಮ್ಮ ಫೀಸ್ ಅವಧಿಯ ಕೊನೆಗೆ ಸೇರಿಸಬೇಕು. ಹೆಂಗಸರ ಕಡೆಯಿಂದ ಏನು ಸೇರಿಸಬೇಕು ಅಂತ ನೀರಜಾಕ್ಷಿ ಮೇಡಂ ಹೇಳಿದರೆ ಅದನ್ನೂ ಬರೆಯುತ್ತೇವೆ.

ನೀರಜಾಕ್ಷಿ:

ಬರೆಯಿರಿ: ವಿಡಿಯೋ ಕೋಚ್ ಮಾತ್ರ ಮಾಡಬೇಕು, ಅದೂ ದೊಡ್ಡವರ ಲೇನ್ ಕಾಣದ ಕಡೆ ನಿಂತು. ಮಕ್ಕಳೂ ದೊಡ್ಡವರೂ ಒಂದೇ ಹೊತ್ತಿಗೆ ಬಟ್ಟೆ ಬದಲಾಯಿಸೋ ಹಾಗೆ ಆಗಬಾರದು, ಹದಿನೈದು ನಿಮಿಷ ಹಿಂದೆ ಮುಂದೆ ಇರಲಿ. ಅರ್ಜಿಯನ್ನ ಆಫೀಸಿನಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ, ಸುಮ್ನೆ ಬಾಯಿಮಾತಿಗೆ ಬಿಡಬೇಡಿ.