ಹೃದಯಾಘಾತವಾದವರು ಎಲ್-ಅರ್ಜಿನೈನ್ ಸೇವಿಸಬಹುದೇ?

ಪ್ರಶ್ನೆ (ಬದಿಯಡ್ಕ):
ಕಳೆದ ವರ್ಷ ಹೃದಯಾಘಾತವಾಗಿ ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡ ನನ್ನ ತಂದೆಯವರು ಈಗ ಅಡಿಕೆ ತೋಟಕ್ಕೆ ಹೋಗಿ ಬರುವಷ್ಟರಲ್ಲಿಯೇ ದಣಿಯುತ್ತಾರೆ. ದುಬಾಯಿಯಿಂದ ಬಂದ ಭಾವನವರು ಎಲ್-ಅರ್ಜಿನೈನ್ ಮಾತ್ರೆಗಳ ಡಬ್ಬಿಯೊಂದನ್ನು ಕೊಟ್ಟು, ಇದು ರಕ್ತನಾಳಗಳನ್ನು ಹಿಗ್ಗಿಸಿ ಶಕ್ತಿ ಕೊಡುತ್ತದೆ ಎಂದಿದ್ದಾರೆ. ತಂದೆಯವರು ರಕ್ತದೊತ್ತಡದ ಮಾತ್ರೆ ಸೇವಿಸುತ್ತಿದ್ದು, ಎದೆನೋವು ಬಂದರೆ ನಾಲಿಗೆಯ ಅಡಿಯಲ್ಲಿಡಲು ಸಾರ್ಬಿಟ್ರೇಟ್ ಕೂಡ ಇಟ್ಟುಕೊಂಡಿದ್ದಾರೆ. ಇದನ್ನು ಕೊಡಬಹುದೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಕುಂಬಳೆ, ಔಷಧ ವಿತರಕ):
ದಯವಿಟ್ಟು ಕೊಡಬೇಡಿ. ಭಾವನವರ ಮಾತು ಪೂರ್ತಿ ಸುಳ್ಳಲ್ಲ. ಅರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ನಮ್ಮ ದೇಹವು ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ, ಅದು ರಕ್ತನಾಳದ ಸ್ನಾಯುಗಳನ್ನು ಸಡಿಲಿಸುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಪಾತ್ರವನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಆದರೆ ಹೃದಯಾಘಾತವಾದವರಿಗೆ ಇದನ್ನು ಕೊಟ್ಟರೆ ಏನಾಗುತ್ತದೆಂದು ಅಮೆರಿಕದಲ್ಲಿ ಪರೀಕ್ಷಿಸಿಯೇ ನೋಡಿದ್ದಾರೆ. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 153 ರೋಗಿಗಳಿದ್ದರು. ಒಂದು ಗುಂಪಿಗೆ ದಿನಕ್ಕೆ ಮೂರು ಸಲ 3 ಗ್ರಾಂನಂತೆ ಅರ್ಜಿನೈನ್, ಇನ್ನೊಂದು ಗುಂಪಿಗೆ ಔಷಧವಿಲ್ಲದ ಮಾತ್ರೆ ಎಂದು ಆರು ತಿಂಗಳ ಯೋಜನೆಯಿತ್ತು. ರಕ್ತನಾಳದ ಬಿಗಿತವೂ ತಗ್ಗಲಿಲ್ಲ, ಹೃದಯದ ಪಂಪಿಂಗ್ ಶಕ್ತಿಯೂ ಹೆಚ್ಚಲಿಲ್ಲ. ಅರ್ಜಿನೈನ್ ಪಡೆದವರಲ್ಲಿ ಆರು ಮಂದಿ ತೀರಿಕೊಂಡರು, ಇನ್ನೊಂದು ಗುಂಪಿನಲ್ಲಿ ಒಬ್ಬರೂ ಸಾಯಲಿಲ್ಲ. ಇಷ್ಟು ಸಣ್ಣ ಅಧ್ಯಯನದಿಂದ ಸಾವಿಗೆ ಅದೇ ಕಾರಣವೆಂದು ಹೇಳಲಾಗದಿದ್ದರೂ, ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ಅಲ್ಲಿಗೇ ನಿಲ್ಲಿಸಿದ ಸಂಶೋಧಕರು ಹೃದಯಾಘಾತದ ಬಳಿಕ ಇದನ್ನು ಕೊಡಬಾರದೆಂದರು. ಸಾರ್ಬಿಟ್ರೇಟ್ ಕೆಲಸ ಮಾಡುವುದೂ ನೈಟ್ರಿಕ್ ಆಕ್ಸೈಡಿನ ಮೂಲಕವೇ. ಎರಡೂ ಸೇರಿದರೆ ರಕ್ತದೊತ್ತಡ ಕುಸಿದು ತಲೆತಿರುಗಿ ಬೀಳಬಹುದು. ತೋಟದಲ್ಲಿ ಒಬ್ಬರೇ ಇರುವವರಿಗೆ ಅದು ಸಣ್ಣ ಮಾತಲ್ಲ.

ಉತ್ತರ 2 (ಮಂಜೇಶ್ವರ, ನಿವೃತ್ತ ವಿಜ್ಞಾನ ಶಿಕ್ಷಕ):
ಮೇಲಿನವರ ಸಲಹೆಯನ್ನು ನಾನೂ ಒಪ್ಪುತ್ತೇನೆ. ಆದರೆ ಇದನ್ನು ವಿಷವೆಂದು ತಿಳಿಯಬಾರದು. ರಕ್ತದೊತ್ತಡ ಹೆಚ್ಚಿರುವವರಲ್ಲಿ ಇದು ಒತ್ತಡವನ್ನು ಸ್ವಲ್ಪ ಇಳಿಸುವುದು ಕಂಡುಬಂದಿದೆ. ನೆಲಗಡಲೆ, ಬೇಳೆಕಾಳು, ಮೀನುಗಳಲ್ಲಿ ಅರ್ಜಿನೈನ್ ಸಹಜವಾಗಿಯೇ ಇರುತ್ತದೆ, ಹೆದರಿ ಅವನ್ನು ಬಿಡಿಸಬೇಕಾಗಿಲ್ಲ.

ಉತ್ತರ 3 (ಪೆರ್ಲ, ನರ್ಸ್):
ಮಾತ್ರೆಗಿಂತ ಆ ದಣಿವಿನ ಬಗ್ಗೆಯೇ ನನಗೆ ಹೆಚ್ಚು ಚಿಂತೆಯಾಗುತ್ತಿದೆ. ರಕ್ತಹೀನತೆಯಿಂದಲೋ, ಈಗ ಸೇವಿಸುತ್ತಿರುವ ಮಾತ್ರೆಯಿಂದಲೋ, ಹೃದಯದ ದೌರ್ಬಲ್ಯದಿಂದಲೋ ದಣಿವಾಗಬಹುದು. ಯಾವುದೆಂದು ತಿಳಿಯಲು ರಕ್ತಪರೀಕ್ಷೆ, ಎಕೋ (ಹೃದಯದ ಸ್ಕ್ಯಾನ್) ಬೇಕಾಗುತ್ತದೆ. ಡಿಸ್ಚಾರ್ಜ್ ಸಮ್ಮರಿಯನ್ನೂ ಆ ಡಬ್ಬಿಯನ್ನೂ ಹಿಡಿದುಕೊಂಡು ಈ ವಾರವೇ ಹೃದ್ರೋಗ ವೈದ್ಯರನ್ನು ಕಾಣಿ. ಕಾಲು ಬಾತಿದ್ದರೆ ಅಥವಾ ರಾತ್ರಿ ಮಲಗಿದಾಗ ಉಸಿರು ಕಟ್ಟಿದಂತಾದರೆ ಅಷ್ಟು ದಿನವೂ ಕಾಯಬೇಡಿ.