ಪಾವಗಡದ ಹಲ್ಲು, ಪದೇ ಪದೇ ಬೀಳುವ ಬ್ರಾಕೆಟ್

ಪ್ರಶ್ನೆ (ತುಮಕೂರು, ವಕ್ರ ಹಲ್ಲು ಸರಿಪಡಿಸುವ ಆರ್ಥೋಡಾಂಟಿಕ್ಸ್‌ನಲ್ಲಿ ಪಿಜಿ ಮೊದಲ ವರ್ಷ): ಸರ್, ಪಾವಗಡ ಕಡೆಯ 16 ವರ್ಷದ ಹುಡುಗಿಗೆ ಕ್ಲಿಪ್ ಹಾಕಿ ಎರಡು ತಿಂಗಳಾಯ್ತು, ಅಷ್ಟರಲ್ಲೇ ಐದು ಬ್ರಾಕೆಟ್ (ಹಲ್ಲಿಗೆ ಅಂಟಿಸಿ ತಂತಿ ಹಿಡಿಸುವ ಪುಟ್ಟ ತುಂಡು) ಕಿತ್ತು ಬಂದಿವೆ. ಪ್ರತಿ ಸಲ ಅವರಪ್ಪ ಕೂಲಿ ಬಿಟ್ಟು ಬಸ್ಸಲ್ಲಿ ಕರೆದುಕೊಂಡು ಬರುತ್ತಾರೆ. ಮೊನ್ನೆ ನಾನು ಸ್ವಲ್ಪ ಬೈದೂ ಬಿಟ್ಟೆ, ಏನು ಕಡಿದೆ ಅಂತ. ಏನೂ ಕಡಿದಿಲ್ಲ ಅಂದಳು. ಅಂಟು ಹಿಡಿಯಲಿ ಅಂತ ಮೊದಲು ಹಲ್ಲಿಗೆ ಹಚ್ಚುವ ಆಸಿಡ್ 15 ಸೆಕೆಂಡ್ ಇಟ್ಟಿದ್ದೆ, ಪುಸ್ತಕದಲ್ಲಿ ಇರುವ ಹಾಗೇ. ಎಲ್ಲಿ ತಪ್ಪಿದೆ?

ಉತ್ತರ (ಚಿಕ್ಕಬಳ್ಳಾಪುರ, ಆರ್ಥೋಡಾಂಟಿಸ್ಟ್): ಹುಡುಗಿ ನಿಜಾನೇ ಹೇಳಿರಬಹುದಮ್ಮ. ಪಾವಗಡ ಅಂದ ಕೂಡಲೇ ನನಗೆ ನೆನಪಾಗುವುದು ಬೋರ್‌ವೆಲ್ ನೀರು. ಅಲ್ಲಿ, ನಮ್ಮ ಬಾಗೇಪಲ್ಲಿ ಕಡೆ, ಕೋಲಾರದಲ್ಲೂ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಲ್ಲಿ ಅದಕ್ಕಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 1.5ರವರೆಗೆ. "ಈಗ ಫಿಲ್ಟರ್ ನೀರೇ ಕುಡಿಯೋದು ಸಾರ್" ಅನ್ನುತ್ತಾರೆ. ಆದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಕವಚ, ಕಟ್ಟಿಕೊಂಡದ್ದು ಅವಳು ಚಿಕ್ಕವಳಿದ್ದಾಗ, ಆಗ ಕುಡಿದ ನೀರಿನ ಲೆಕ್ಕ ಹಲ್ಲಲ್ಲೇ ಉಳಿದಿರುತ್ತದೆ.

ಮುಂದಿನ ಸಲ ಬಂದಾಗ ಹತ್ತಿ ಇಟ್ಟು, ಹಲ್ಲನ್ನು ಗಾಳಿಯಲ್ಲಿ ಚೆನ್ನಾಗಿ ಒಣಗಿಸಿ, ಲೈಟ್ ಓರೆಯಾಗಿ ಹಿಡಿದು ನೋಡು. ಒದ್ದೆ ಹಲ್ಲಲ್ಲಿ ಸಣ್ಣ ಗೆರೆಗಳು ಕಾಣುವುದಿಲ್ಲ. ಒಣಗಿದ ಮೇಲೆ ಅಡ್ಡಡ್ಡ ಬಿಳಿ ಗೆರೆ, ಮೋಡದಂಥ ಮಚ್ಚೆ, ಕೆಲವೊಮ್ಮೆ ಕಂದು ಬಣ್ಣ ಕಂಡರೆ ಅದೇ ಫ್ಲೋರೋಸಿಸ್, ಫ್ಲೋರೈಡ್ ಹೆಚ್ಚಾಗಿ ಎನಾಮಲ್ ಕೆಟ್ಟದ್ದು. ಇಂಥ ಹಲ್ಲಿನ ಹೊರಪದರ ಆಸಿಡ್‌ಗೆ ಸುಲಭಕ್ಕೆ ಬಗ್ಗುವುದಿಲ್ಲ. ಅದರ ಕೆಳಗೆ ಮಾತ್ರ ಎನಾಮಲ್ ಪೊಳ್ಳು. ಹಾಗಾಗಿ 37% ಫಾಸ್ಫಾರಿಕ್ ಆಸಿಡ್ 15 ಸೆಕೆಂಡ್ ಸಾಲಲಿಲ್ಲ ಅಂತ ಕಾಣುತ್ತದೆ.

ಇಲ್ಲೇ ಎಲ್ಲರೂ ಮೋಸ ಹೋಗುವುದು, ನಾನೂ ಹೋಗಿದ್ದೀನಿ. ಎಚ್ ಆದ, ಅಂದರೆ ಆಸಿಡ್ ಕೊರೆದ, ಹಲ್ಲು ಸುಣ್ಣದ ಹಾಗೆ ಬೆಳ್ಳಗಾಗಬೇಕು ಅಂತ ಕಲಿತಿರುತ್ತೀವಿ. ಈ ಹಲ್ಲು ಮೊದಲೇ ಬೆಳ್ಳಗಿರುತ್ತದಲ್ಲ! ಬಣ್ಣ ಬಿಡು, ಹೊಳಪು ಹೋಗಿದೆಯಾ ನೋಡು. 30 ಸೆಕೆಂಡ್ ಇಟ್ಟು, ತೊಳೆದು, ಒಣಗಿಸಿ, ಇನ್ನೂ ಮಿಂಚುತ್ತಿದ್ದರೆ ನಿನಗೆ ಕಲಿಸುವ ಗೈಡ್‌ಗೆ ತೋರಿಸಿ ಸ್ವಲ್ಪ ಹೆಚ್ಚು ಹೊತ್ತು ಇಡು. ಹಾಗಂತ ಸುಮ್ನೆ ಇಡುತ್ತಾ ಹೋಗಬೇಡ, ಕೆಳಗಿನ ಪೊಳ್ಳು ಪದರಕ್ಕೆ ಹೋದರೆ ಅಂಟಿನ ಹಿಡಿತ ಇನ್ನೂ ಕೆಡುತ್ತದೆ. ಸೆರಾಮಿಕ್ ಬ್ರಾಕೆಟ್ ಇಂಥವರಿಗೆ ಬೇಡ, ಕೊನೆಗೆ ತೆಗೆಯುವಾಗ ಎನಾಮಲ್ ಚೂರು ಕಿತ್ತು ಬಂದೀತು. ದವಡೆ ಹಲ್ಲಿಗೆ ತಂತಿ ತೂರಿಸುವ ಟ್ಯೂಬ್ ಅಂಟಿಸುವ ಬದಲು ಹಲ್ಲನ್ನು ಸುತ್ತುವ ಬ್ಯಾಂಡ್ ಹಾಕಿಬಿಡು.

ಬಿದ್ದದ್ದು ಬರೀ ಕೆಳಗಿನ ಮುಂಭಾಗದ ಬ್ರಾಕೆಟ್‌ಗಳಾದರೆ ಕಥೆ ಬೇರೆ. ಡೀಪ್ ಬೈಟ್ ಇದ್ದು, ಅಂದರೆ ಮೇಲಿನ ಹಲ್ಲು ಕೆಳಗಿನದನ್ನು ತುಂಬಾ ಮುಚ್ಚಿ, ಬ್ರಾಕೆಟ್‌ಗೆ ಬಡಿಯುತ್ತಿರಬಹುದು. ಅಂಟಿಸುವಾಗ ಎಂಜಲು ತಾಗಿತ್ತಾ ಅಂತಲೂ ನೆನಪು ಮಾಡಿಕೋ.

ಪ್ರಶ್ನೆ (ಕೋಲಾರ ಕಡೆಯವನು, ಬಿಡಿಎಸ್ ಕೊನೆ ವರ್ಷ): ಸರ್, ಇದರ ಮಧ್ಯೆ ನನ್ನದೊಂದು. ಹಾಲೆ ಪ್ಲೇಟಲ್ಲಿ (ಬಾಯಿಂದ ತೆಗೆದು ಹಾಕುವ ಕ್ಲಿಪ್) ಹಲ್ಲು ನೂಕುವ ತಂತಿ, ಫಿಂಗರ್ ಸ್ಪ್ರಿಂಗ್, ಕೊಟ್ಟಿದ್ದೆ, ಹಲ್ಲು ಅಲ್ಲಾಡಲೇ ಇಲ್ಲ ಅಂತ ಇನ್ನಷ್ಟು ಬಗ್ಗಿಸಿದೆ. ಈಗ ನೋವು ಅಂತಾರೆ, ಹಲ್ಲು ಇದ್ದಲ್ಲೇ ಇದೆ.

ಉತ್ತರ: ಜಾಸ್ತಿ ನೂಕಿದರೆ ಬೇಗ ಹೋಗಲು ಅದು ಕೆಟ್ಟು ನಿಂತ ಬಸ್ಸಲ್ಲಪ್ಪ. ಬೇರಿಗೂ ಮೂಳೆಗೂ ನಡುವೆ ಇರುವ ಜಾಗ ಸುಮಾರು ಕಾಲು ಮಿಲಿಮೀಟರ್. ಜೋರಾಗಿ ಒತ್ತಿದರೆ ಅಲ್ಲಿನ ರಕ್ತನಾಳ ಅಪ್ಪಚ್ಚಿಯಾಗುತ್ತದೆ, ಮೂಳೆ ಕರಗಿಸುವ ಜೀವಕೋಶಗಳು ಅಲ್ಲಿಗೆ ಬರುವುದಿಲ್ಲ. ಅವು ಹಿಂದಿನಿಂದ ಮೂಳೆ ಕೊರೆದುಕೊಂಡು ಬರುವವರೆಗೆ, ಅಂದರೆ ಕೆಲವು ವಾರ, ಹಲ್ಲು ನಿಂತಲ್ಲೇ ನಿಲ್ಲುತ್ತದೆ. ಇದೇ ಹಯಲಿನೈಸೇಶನ್. ಮೌಖಿಕ ಪರೀಕ್ಷೆ ವೈವಾದಲ್ಲಿ ಕೇಳೇ ಕೇಳುತ್ತಾರೆ. ಒಂದು ಹಲ್ಲನ್ನು ವಾಲಿಸಲು 35ರಿಂದ 60 ಗ್ರಾಂ ಬಲ ಸಾಕು.

ನೀನು ಬಳಸಿದ್ದು ಎಷ್ಟು ದಪ್ಪದ ತಂತಿ?

ಕೋಲಾರದವನು: 0.6 ಮಿಮೀ ಇರಬೇಕು ಸರ್. ಲ್ಯಾಬಲ್ಲಿ ಅದೇ ಇತ್ತು. 3 ಮಿಮೀ ಬಗ್ಗಿಸಿದ್ದೆ.

ಉತ್ತರ: ಸಿಕ್ಕಿತಲ್ಲ! 3 ಮಿಮೀ ಲೆಕ್ಕ 0.5ರ ತಂತಿಗೆ. ದಪ್ಪ ಸ್ವಲ್ಪವೇ ಹೆಚ್ಚಿದ ಹಾಗೆ ಕಂಡರೂ ಬಲ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ, 0.6ಕ್ಕೆ ಹೆಚ್ಚೂ ಕಡಿಮೆ ಎರಡರಷ್ಟು. ಅರ್ಧ ಬಗ್ಗಿಸಿದ್ದರೆ ಸಾಕಾಗಿತ್ತು. ಈಗ ಸ್ಪ್ರಿಂಗ್ ಸಡಿಲಿಸಿ ಮೂರು ನಾಲ್ಕು ವಾರ ಬಿಡು. ತಿಂಗಳಿಗೆ 1 ಮಿಮೀ ಸರಿದರೆ ಖುಷಿಪಡು.

ಪಾವಗಡದ ಹುಡುಗಿಯ ಪಿಜಿ: ಸರ್, ಇವತ್ತು ಒಣಗಿಸಿ ನೋಡಿದೆ. ಮೇಲಿನ ಮುಂಭಾಗದ ಆರೂ ಹಲ್ಲಲ್ಲಿ ಅಡ್ಡ ಗೆರೆ ಇದೆ! ಮೊದಲ ದಿನ ತೆಗೆದ ಫೋಟೋದಲ್ಲಿ ಎಲ್ಲ ಒದ್ದೆ, ಏನೂ ಕಾಣುತ್ತಿಲ್ಲ. ಊಟಕ್ಕೆ ಏನು ಹೇಳಲಿ?

ಉತ್ತರ: ಕಬ್ಬು, ಚಕ್ಕುಲಿ, ಮಾವಿನ ಓಟೆ ಚೀಪುವುದು ಬೇಡ. ಮುದ್ದೆಗೆ ಯಾವ ತಕರಾರೂ ಇಲ್ಲ, ಅದನ್ನು ನಾವು ಅಗಿದದ್ದು ಯಾವಾಗ? ಸೊಪ್ಪಿನ ಸಾರಾದರೆ ಮಾತ್ರ ಕನ್ನಡಿ ಮುಂದೆ ನಿಂತು ಬ್ರಷ್ ಮಾಡಲಿ. ಈ ಗೆರೆ ಮಚ್ಚೆ ಕ್ಲಿಪ್ಪಿಂದ ಹೋಗುವುದಿಲ್ಲ ಅಂತ ಅವರಪ್ಪನಿಗೆ ಇವತ್ತೇ ಹೇಳು, ಕೇಸ್ ಶೀಟಲ್ಲೂ ಬರೆ. ಹಾಗೇ ಬೈದದ್ದಕ್ಕೆ ಹುಡುಗಿಗೆ ಸಾರಿ ಕೇಳಿಬಿಡು.