ಎದುರು ಮನೆ ಹುಡುಗಿಗೆ ಹಿಡಿಸಿದ ಮಾತ್ರೆ ನನ್ನ ಮಗನಿಗೆ ಯಾಕೆ ಹಿಡಿಸಲಿಲ್ಲ?

ಪ್ರಶ್ನೆ (ರಾಜಾಜಿನಗರದ ಒಬ್ಬ ತಾಯಿ): ಡಾಕ್ಟರೇ ನಮಸ್ಕಾರ. ಮಗನಿಗೆ 13 ವರ್ಷ. ಎತ್ತರ 158 ಸೆಂಟಿಮೀಟರ್, ತೂಕ 78 ಕೆಜಿ. ಕತ್ತಿನ ಹಿಂದೆ ಕಪ್ಪಾಗಿದೆ, ಎಷ್ಟು ತಿಕ್ಕಿದರೂ ಹೋಗಲ್ಲ. ಸಕ್ಕರೆ ಗಡಿ ದಾಟುವ ಹಾಗಿದೆ ಎಂದು ಮೆಟ್‌ಫಾರ್ಮಿನ್ ಕೊಟ್ಟು ಆರು ತಿಂಗಳಾಯ್ತು. ಒಂದು ಕೆಜಿಯೂ ಇಳಿದಿಲ್ಲ. ಎದುರು ಮನೆ ಹುಡುಗಿಗೂ ಅದೇ ಮಾತ್ರೆ, ಅವಳು ಆರು ಕೆಜಿ ಇಳಿದಿದ್ದಾಳೆ. ಒಂದು ಲ್ಯಾಬಿನವರು "ಜೀನ್ ಟೆಸ್ಟ್ ಮಾಡಿಸಿ, ಯಾವ ಮದ್ದು ಹಿಡಿಸುತ್ತೆ ಅಂತ ಹೇಳ್ತೀವಿ, 18 ಸಾವಿರ" ಅಂತಿದ್ದಾರೆ. ಮಾಡಿಸಬೇಕಾ? ಇವನು ಎಂಟು ವರ್ಷದವರೆಗೂ ಸಣ್ಣಗೇ ಇದ್ದ.

ಉತ್ತರ (ಮಕ್ಕಳ ಹಾರ್ಮೋನ್ ಡಾಕ್ಟರ್): ನೀವು ಕೊನೆಗೆ ಬರೆದ ಸಾಲೇ ನನಗೆ ಮುಖ್ಯ. ಎಂಟು ವರ್ಷದವರೆಗೆ ಸಣ್ಣಗಿದ್ದ ಹುಡುಗನಿಗೆ ಒಂದೇ ಜೀನ್ ಕೆಟ್ಟು ಬೊಜ್ಜು ಬಂದಿರುವ ಸಾಧ್ಯತೆ ತೀರಾ ಕಡಿಮೆ. 18 ಸಾವಿರ ಉಳಿಸಿಕೊಳ್ಳಿ.

ಆ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಎಫ್‌ಟಿಒ ಎಂಬ ಜೀನ್ ಬಗ್ಗೆ ದೊಡ್ಡದಾಗಿ ಬರೆದಿರುತ್ತಾರೆ. ಬೊಜ್ಜಿಗೂ ಅದಕ್ಕೂ ನಂಟಿದೆ ಎಂದು 2007ರಲ್ಲಿ ಪತ್ತೆಯಾಯಿತು. ಅಪ್ಪನಿಂದಲೂ ಅಮ್ಮನಿಂದಲೂ ಆ ಜೀನಿನ ತೂಕ ಏರಿಸುವ ಬಗೆ ಬಂದ ದೊಡ್ಡವರು ಬೇರೆಯವರಿಗಿಂತ ಸರಾಸರಿ 3 ಕೆಜಿ ಜಾಸ್ತಿ ಇರುತ್ತಾರೆ, ಅಷ್ಟೇ. ಊಟ, ಓಡಾಟ ಸರಿ ಮಾಡಿದರೆ ಅವರೂ ಉಳಿದವರಷ್ಟೇ ಇಳಿಯುತ್ತಾರೆ. ಅದನ್ನು ನೋಡಿ ಮದ್ದು ಆರಿಸಲು ಆಗಲ್ಲ.

ಮೆಟ್‌ಫಾರ್ಮಿನ್ ವಿಷಯಕ್ಕೆ ಬರೋಣ. ಅದು ಸಕ್ಕರೆಯ ಮಾತ್ರೆ, ತೂಕದ ಮಾತ್ರೆ ಅಲ್ಲ. ಮಕ್ಕಳಲ್ಲಿ ಅದರಿಂದ ತೂಕ ಇಳಿಯುವುದು ಸ್ವಲ್ಪವೇ. ಎದುರು ಮನೆ ಹುಡುಗಿ ಆರು ಕೆಜಿ ಇಳಿದಿದ್ದರೆ ಬೇರೇನೋ ಬದಲಾಗಿದೆ, ಕೇಳಿ ನೋಡಿ. ಮಾತ್ರೆಯನ್ನು ಲಿವರ್ ಒಳಗೆ ಬಿಟ್ಟುಕೊಳ್ಳುವ ಒಂದು ಬಾಗಿಲಿದೆ, ಒಸಿಟಿ1 ಅಂತ. ಅದರ ಜೀನ್ ಎಲ್ಲರಲ್ಲೂ ಒಂದೇ ಥರ ಇರಲ್ಲ. ಆ ಬಾಗಿಲು ಬಿಗಿಯಾಗಿರುವ ಕೆಲವರಿಗೆ ಈ ಮಾತ್ರೆಯಿಂದ ಹೊಟ್ಟೆ ತೊಂದರೆ ಜಾಸ್ತಿ ಎಂದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಜೀನ್ ಮೇಲೆ ತಪ್ಪು ಹಾಕುವ ಮೊದಲು ಒಂದು ಕೆಲಸ ಮಾಡಿ. ಮಾತ್ರೆ ಶೀಟ್ ತೆಗೆದು ಎಣಿಸಿ.

ಅದೇ ತಾಯಿ: ಎಣಿಸಿದೆ ಡಾಕ್ಟರೇ. ಈ ತಿಂಗಳದ್ದರಲ್ಲಿ 19 ಮಾತ್ರೆ ಹಾಗೇ ಇದೆ. ಕೇಳಿದರೆ, ತಿಂದರೆ ಸ್ಕೂಲ್ ಬಸ್ಸಿನಲ್ಲಿ ಹೊಟ್ಟೆ ಗುಡುಗುಡು ಅನ್ನುತ್ತೆ, ಹುಡುಗರು ನಗ್ತಾರೆ ಅಂದ.

ಉತ್ತರ: ಬೈಯಬೇಡಿ. ಅವನು ಹೇಳುತ್ತಿರುವುದು ನಿಜವಾದ ತೊಂದರೆ. ಬರೆದುಕೊಟ್ಟ ಡಾಕ್ಟರ್‌ಗೆ ಇದನ್ನೇ ಹೇಳಿ. ರಾತ್ರಿ ಊಟದ ನಂತರ ಸಣ್ಣ ಡೋಸ್‌ನಿಂದ ಶುರು ಮಾಡಿ ನಿಧಾನ ಏರಿಸಬಹುದು. ನಿಧಾನವಾಗಿ ಕರಗುವ ಮಾತ್ರೆಯೂ ಇದೆ.

ಪ್ರಶ್ನೆ (ಜಯನಗರದ ತಂದೆ): ಹಾಗಾದರೆ ಜೀನ್‌ಗೂ ಮದ್ದಿಗೂ ಸಂಬಂಧವೇ ಇಲ್ವಾ? ಈಗ ಎಲ್ಲರೂ ಇಂಜೆಕ್ಷನ್ ಅಂತಿದ್ದಾರಲ್ಲ.

ಉತ್ತರ: ಇದೆ. ಕೆಲವು ಮಕ್ಕಳಲ್ಲಂತೂ ಎಲ್ಲವೂ ಅದರ ಮೇಲೇ ನಿಂತಿದೆ.

ನಮ್ಮ ಮನೆಗಳ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್ ತುಂಬಿದಾಗ ಫ್ಲೋಟ್ ಮೇಲೆ ಬರುತ್ತೆ, ವೈರ್ ಮೂಲಕ ಕೆಳಗಿನ ಸ್ವಿಚ್‌ಗೆ ಸುದ್ದಿ ಹೋಗುತ್ತೆ, ಮೋಟರ್ ನಿಲ್ಲುತ್ತೆ. ನಮ್ಮ ಕೊಬ್ಬಿನಿಂದ ಬರುವ ಲೆಪ್ಟಿನ್ ಹಾರ್ಮೋನೇ ಆ ಫ್ಲೋಟ್. ವೈರ್ ಅಂದರೆ ಲೆಪ್ಟಿನ್ ಸುದ್ದಿ ಹಿಡಿಯುವ ಲೆಪ್ಟಿನ್ ರಿಸೆಪ್ಟರ್ ಮತ್ತು ಅದನ್ನು ಮುಂದೆ ದಾಟಿಸುವ ಪಿಓಎಂಸಿ. ಮಿದುಳಿನಲ್ಲಿರುವ ಎಂಸಿ4ಆರ್, ಹಸಿವೆಂಬ ಮೋಟರ್ ನಿಲ್ಲಿಸುವ ಸ್ವಿಚ್. ಯಾವುದು ಕೆಟ್ಟರೂ ಹೊರಗೆ ಕಾಣುವುದು ಒಂದೇ: ನೀರು ಉಕ್ಕಿ ರಸ್ತೆಗೆ ಹರಿಯುವುದು. ರಿಪೇರಿ ಮಾತ್ರ ಬೇರೆ ಬೇರೆ.

ಫ್ಲೋಟೇ ಇಲ್ಲದಿದ್ದರೆ ಹೊಸದು ಹಾಕಬೇಕು. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ವೈದ್ಯರು, ಪಾಕಿಸ್ತಾನ ಮೂಲದ ಕುಟುಂಬದ ಇಬ್ಬರು ಮಕ್ಕಳಲ್ಲಿ ಲೆಪ್ಟಿನ್ನೇ ಇಲ್ಲ ಎಂದು ಕಂಡುಹಿಡಿದರು. ಎಂಟು ವರ್ಷದ ಹುಡುಗಿ 86 ಕೆಜಿ ಇದ್ದಳು. ಒಂಬತ್ತರ ವಯಸ್ಸಿನಲ್ಲಿ, 94 ಕೆಜಿ ದಾಟಿದ ಮೇಲೆ, ದಿನಾ ಲೆಪ್ಟಿನ್ ಇಂಜೆಕ್ಷನ್ ಶುರುವಾಯಿತು. ಒಂದು ವರ್ಷದಲ್ಲಿ 16 ಕೆಜಿ ಇಳಿದಳು. ಅದೇ ಇಂಜೆಕ್ಷನ್ ನಿಮಗೋ ನನಗೋ ಕೊಟ್ಟರೆ ಏನೂ ಆಗಲ್ಲ. ದಪ್ಪ ಇರುವ ಬಹುತೇಕರಲ್ಲಿ ಲೆಪ್ಟಿನ್ ಬೇಕಾದಷ್ಟಿದೆ.

ವೈರ್ ತುಂಡಾಗಿದ್ದರೆ ಫ್ಲೋಟ್ ಬದಲಿಸಿ ಲಾಭವಿಲ್ಲ, ನೇರ ಸ್ವಿಚ್ ಒತ್ತಬೇಕು. ಅದಕ್ಕೆ ಸೆಟ್‌ಮೆಲನೊಟೈಡ್ ಇದೆ, ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಪಿಓಎಂಸಿ ದಾರಿ ಕೆಟ್ಟ 10 ಜನರಲ್ಲಿ 8 ಮಂದಿ ಸುಮಾರು ಒಂದು ವರ್ಷದಲ್ಲಿ ತಮ್ಮ ತೂಕದ ಶೇ. 10 ಅಥವಾ ಅದಕ್ಕಿಂತ ಹೆಚ್ಚು ಇಳಿದರು. ಲೆಪ್ಟಿನ್ ರಿಸೆಪ್ಟರ್ ಕೆಟ್ಟ 11 ಜನರಲ್ಲಿ 5 ಮಂದಿ. ಮದ್ದು ಅದೇ, ಜೀನ್ ಬೇರೆ, ಫಲವೂ ಬೇರೆ. (ಚರ್ಮದ ಬಣ್ಣದ ಸ್ವಿಚ್ಚನ್ನೂ ಅದು ಒತ್ತುವುದರಿಂದ ಮೈ ಕಪ್ಪಾಗುತ್ತದೆ. ನಮ್ಮವರು ಮೊದಲು ಕೇಳುವುದೇ ಅದನ್ನು!) ಎಂಸಿ4ಆರ್ ಸ್ವಿಚ್ಚೇ ಸುಟ್ಟಿದ್ದರೆ ಈ ಮದ್ದು ಅಷ್ಟಾಗಿ ನಡೆಯಲ್ಲ. ಆದರೆ ಲಿರಾಗ್ಲುಟೈಡ್ ಬೇರೆ ದಾರಿಯಲ್ಲಿ ಹಸಿವು ತಗ್ಗಿಸುತ್ತದೆ. ಎಂಸಿ4ಆರ್ ಕೆಟ್ಟ ದೊಡ್ಡವರ ಮೇಲೆ ಮಾಡಿದ ಒಂದು ಸಣ್ಣ ಅಧ್ಯಯನದಲ್ಲಿ ಅದು ಅವರಿಗೂ ಉಳಿದವರಷ್ಟೇ ಕೆಲಸ ಮಾಡಿತು.

ನೀವು ಕೇಳಿದ ಇಂಜೆಕ್ಷನ್ ಬಹುಶಃ ಸೆಮಾಗ್ಲುಟೈಡ್. ಹರೆಯದ ಮಕ್ಕಳ ಪರೀಕ್ಷೆಯಲ್ಲಿ 68 ವಾರಕ್ಕೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಸರಾಸರಿ ಶೇ. 16 ಇಳಿಯಿತು. ಆದರೂ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ತೂಕ ಶೇ. 5 ಕೂಡ ಇಳಿಯಲಿಲ್ಲ. ಯಾರಿಗೆ ಹಿಡಿಸುತ್ತೆ ಎಂದು ಮೊದಲೇ ಹೇಳುವ ಜೀನ್ ಟೆಸ್ಟ್ ನಮ್ಮ ಕ್ಲಿನಿಕ್‌ಗೆ ಬಂದಿಲ್ಲ. ಕೊಟ್ಟು ಕಾದು ನೋಡುವುದೇ ಈಗಿನ ಪದ್ಧತಿ.

ಪ್ರಶ್ನೆ (ಯಲಹಂಕದಿಂದ): ಇದನ್ನೆಲ್ಲ ಓದಿ ಭಯ ಆಯ್ತು ಡಾಕ್ಟರೇ. ನನ್ನ ತಮ್ಮನಿಗೆ ನಮ್ಮ ಅಕ್ಕನ ಮಗಳನ್ನೇ ತಂದುಕೊಂಡಿದ್ದೇವೆ. ಅವರ ಮಗುವಿಗೆ ಎರಡು ವರ್ಷ ನಾಲ್ಕು ತಿಂಗಳು, 27 ಕೆಜಿ. ರಾತ್ರಿ ಎರಡು ಗಂಟೆಗೆ ಎದ್ದು ಫ್ರಿಜ್ ಮುಂದೆ ಕೂತು ಅಳುತ್ತೆ. ಹಸಿ ಅಕ್ಕಿಯನ್ನೂ ಬಾಯಿಗೆ ಹಾಕಿಕೊಳ್ಳುತ್ತೆ. ಅಮ್ಮ ಮಾತ್ರ "ಗುಂಡುಗುಂಡಾಗಿದೆ, ದೃಷ್ಟಿ ಹಾಕಬೇಡಿ" ಅಂತಾರೆ.

ಉತ್ತರ: ಅಮ್ಮಾ, ನಿಮ್ಮ ತಮ್ಮನ ಮಗುವಿಗೆ ನನ್ನ ಉತ್ತರ ಪೂರ್ತಿ ಬೇರೆ. ಮೇಲೆ ಆ ತಾಯಿಗೆ ಟೆಸ್ಟ್ ಬೇಡ ಎಂದೆ. ನಿಮಗೆ ಬೇಕೇ ಬೇಕು. ಚಿಕ್ಕ ವಯಸ್ಸಲ್ಲೇ ಶುರುವಾದ ತೂಕ, ತಣಿಯದ ಹಸಿವು, ಸೋದರ ಸಂಬಂಧದ ಮದುವೆ. ಈ ಮೂರೂ ಒಟ್ಟಿಗೆ ಇದ್ದರೆ ನಾವು ಕಾಯುವುದಿಲ್ಲ. ಮನೆಯವರು ಜಾಸ್ತಿ ತಿನ್ನಿಸಿ ಹೀಗಾಗಿದೆ ಎಂದು ಮಗುವಿನ ತಾಯಿಯನ್ನು ಯಾರೂ ಅನ್ನದಿರಲಿ.

ಈ ವಾರವೇ ಮಕ್ಕಳ ಹಾರ್ಮೋನ್ ವಿಭಾಗ ಇರುವ ಆಸ್ಪತ್ರೆಗೆ ಹೋಗಿ. ಅಲ್ಲಿ ಲೆಪ್ಟಿನ್, ಕಾರ್ಟಿಸಾಲ್ ರಕ್ತಪರೀಕ್ಷೆ, ಆಮೇಲೆ ಜೀನ್ ಟೆಸ್ಟ್ ಬಗ್ಗೆ ಕೇಳಿ. ಪಿಓಎಂಸಿ ಕೆಟ್ಟಿದ್ದರೆ, ಕಾಯಿಲೆಯಲ್ಲಿ ಮೈ ಕಾಯುವ ಕಾರ್ಟಿಸಾಲ್ ಹಾರ್ಮೋನ್ ಕಡಿಮೆಯಾಗಿ ಜ್ವರ, ವಾಂತಿಯಲ್ಲಿ ಮಗುವಿಗೆ ಅಪಾಯ ಆಗಬಹುದು, ಅದಕ್ಕೇ ಅವಸರ. ಕೈಕಾಲಿನಲ್ಲಿ ಆರನೇ ಬೆರಳು ಇತ್ತಾ, ಹುಟ್ಟಿದಾಗ ತೆಗೆಸಿದ್ದಾರಾ? ಮೇಲಿಂದ ಮೇಲೆ ಸೋಂಕು ಬರುತ್ತಾ? ಇಬ್ಬರ ಮನೆಯಲ್ಲೂ ಹೀಗೆ ಇದ್ದ ಅಥವಾ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಇದ್ದಾರಾ? ವಿಚಾರಿಸಿಕೊಂಡು ಹೋಗಿ.

ತಾಯಿ ಕಾರ್ಡ್ ಮರೆಯಬೇಡಿ. ಲಸಿಕೆ ಹಾಕಿಸಿದಾಗೆಲ್ಲ ತೂಕ ಬರೆದಿರುತ್ತಾರೆ. ಯಾವ ತಿಂಗಳಿಂದ ಏರಿತು ಅಂತ ಅದರಲ್ಲೇ ಗೊತ್ತಾಗುತ್ತೆ.